ಹಿತ್ತಲ ಮೂರನೇ ದೀಪ

ನರ್ಸಮ್ಮ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಅವರ ಬಗ್ಗೆ ಬರೆಯಲು ಕೂತರೆ ಅಳು ಬರಬೇಕಿತ್ತು. ನನಗೋ ನಗು ಬರುತ್ತಿದೆ. ಈಗಲೇ ಎದ್ದು ಹೋಗಿ ಸ್ಕ್ರೂಡ್ರೈವರ್ ಹಿಡಿದುಕೊಳ್ಳೋಣ ಅನಿಸುತ್ತಿದೆ. ಚಳ್ಳಕೆರೆಯ ಆ ಹಿತ್ತಲಿನಲ್ಲಿ ನಾನು ಪಟ್ಟಷ್ಟು ಸಡಗರವನ್ನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ. ಈ ಮಾತು ನನ್ನ ಹೆಂಡತಿಗೂ ಗೊತ್ತು.

ಊರಿಗೆಲ್ಲ ಅವರು ನರ್ಸಮ್ಮ. ಅವರಿಗೊಂದು ಹೆಸರು ಇತ್ತು, ಆದರೆ ವೋಟರ್ ಲಿಸ್ಟಿನವರನ್ನು ಬಿಟ್ಟರೆ ಅದನ್ನು ಯಾರೂ ಬಳಸಲಿಲ್ಲ, ನಾನೂ ಬಳಸುವುದಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿದವರು. ಕೊಂಡ್ಲಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನನ್ನು ಭೂಮಿಗೆ ಇಳಿಸಿದ್ದೂ ಅವರದೇ ಕೈ. ಆ ಕಥೆಯನ್ನು ನಮ್ಮ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಕರೆಂಟ್ ಇರಲಿಲ್ಲ, ಒಳಕೋಣೆ ಕತ್ತಲು, ಟಾರ್ಚ್ ಹಿಡಿದವಳು ನಮ್ಮ ಅಜ್ಜಿ. ಅಜ್ಜಿ ಬಗ್ಗಿ ನೋಡಲು ಹೋಗಿ ಬೆಳಕು ನರ್ಸಮ್ಮನ ಕಣ್ಣಿಗೇ ಹೊಡೆಯಿತಂತೆ. "ಬೆಳಕು ನನ್ನ ಮುಖಕ್ಕ್ಯಾಕಮ್ಮ ಬಿಡ್ತೀಯ, ನಾನೇನು ಹೆರ್ತಾ ಇದೀನಾ? ಕೈಗೆ ಹಿಡಿ, ಕೈಗೆ!" ಎಂದು ಅವರು ಗದರಿದರಂತೆ. ನಾನು ಹುಟ್ಟುವಾಗ ಕೇಳಿದ ಮೊದಲ ಬೈಗುಳ ಅದು.

ಎರಡನೆಯ ಮಾತು ಬೈಗುಳವಲ್ಲ. ಮಗು ಹೊರಗೆ ಬರಲು ಸತಾಯಿಸಿದರೆ ಅವರು ಅದನ್ನು ಕರೆಯುತ್ತಿದ್ದರು, ಬಾಗಿಲಲ್ಲಿ ನಾಚಿಕೊಂಡು ನಿಂತ ನೆಂಟರ ಮಗುವನ್ನು ಕರೆದ ಹಾಗೆ. ಕನ್ನಡದ ಮನೆಯಾದರೆ "ಬಾರಪ್ಪಾ ಬಾ." ಗಡಿ ಕಡೆಯ ತೆಲುಗು ಮಾತಿನ ಮನೆಯಾದರೆ "ರಾ ನಾಯನಾ, ರಾ." ಆ ಸೀಮೆಯಲ್ಲಿ ಎರಡೂ ಭಾಷೆ ಬೆರೆತ ಮನೆಗಳೇ ಹೆಚ್ಚು, ಹಾಗಾಗಿ ಮೊದಲು ಒಂದರಲ್ಲಿ ಕರೆದು, ಬರಲಿಲ್ಲವೆಂದರೆ ಇನ್ನೊಂದರಲ್ಲಿ ಕರೆಯುವುದು ಅವರ ರೂಢಿ. ನಾನು ಕನ್ನಡಕ್ಕೇ ಬಂದೆನಂತೆ. ಅದಕ್ಕೊಂದು ಹೆಮ್ಮೆ ನನಗೆ ಇವತ್ತಿಗೂ ಇದೆ.

ಅವರು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಮಂದಿ ಮಕ್ಕಳನ್ನ ಇಳಿಸೋದ್ರಾಗೆ ಹೊತ್ತು ಹೋತು" ಎನ್ನುತ್ತಿದ್ದರು. ನಿವೃತ್ತಿಯ ನಂತರ ಚಳ್ಳಕೆರೆಯ ತಮ್ಮನ ಮನೆಗೆ ಬಂದರು. ಕಾಲೇಜಿನ ಕೆಲಸಕ್ಕೆಂದು ಆ ಊರಿಗೆ ಬಂದಿದ್ದ ನನ್ನ ಮನೆಯಿಂದ ನಾಲ್ಕನೇ ಮನೆ. ತಮ್ಮ ಎಣ್ಣೆ ಮಿಲ್ಲಿನ ಸಾಹುಕಾರರು. ಅವರ ಮಟ್ಟಿಗೆ ಗಿಡವೆಂದರೆ ಶೇಂಗಾ ಗಿಡ, ಉಳಿದದ್ದೆಲ್ಲ ಕಳೆ. ಅಕ್ಕ ಬಂದ ವರ್ಷವೇ ಮನೆಯ ಹಿಂದಿನ ಬರಿ ನೆಲವನ್ನು ಅಗೆಸಿ ಕಾಕಡ, ಕನಕಾಂಬರ, ನಿಂಬೆ, ಕರಿಬೇವು ಹಾಕಿದರು. ಹಿತ್ತಲ ಬಾಗಿಲ ಎದುರಿಗೇ ಪತ್ರೆ ಗಿಡ, ಅದಕ್ಕೊಂದು ಕಟ್ಟೆ. ತುದಿಯಲ್ಲಿ ಮಲ್ಲಿಗೆ ಚಪ್ಪರ. ಸಾಹುಕಾರರು ಅಕ್ಕ ಇರುವವರೆಗೂ ಅದರೊಳಗೆ ಕಾಲಿಟ್ಟವರಲ್ಲ. ಚಪ್ಪಲಿಗೆ ಕೆಸರಾಗುತ್ತದೆ ಎಂದು ಬಾಗಿಲ ಮೆಟ್ಟಿಲಲ್ಲೇ ನಿಂತು ಮಾತಾಡುತ್ತಿದ್ದರು.

ನಮ್ಮೂರ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹಗಲು ಹಿತ್ತಲಿಗೆ ಹೋದರೆ ಮನುಷ್ಯನೇ ಹುರಿದ ಶೇಂಗಾ ಆಗುತ್ತಾನೆ. ಹೊತ್ತು ಇಳಿದ ಮೇಲೆ, ಉಳ್ಳಾರ್ತಿ ಕಾವಲಿನ ಕಡೆಯಿಂದ ಗಾಳಿ ತಿರುಗಿದ ಮೇಲೆ ಹಿತ್ತಲಿಗೆ ಜೀವ ಬರುವುದು. ಮಲ್ಲಿಗೆ ಬಾಯಿ ಬಿಡುವುದೂ ಆಗಲೇ. ನರ್ಸಮ್ಮನ ಇಡೀ ದಿನ ಆ ಒಂದು ಗಂಟೆಗಾಗಿ ಕಾಯುತ್ತಿತ್ತು. ಆ ಒಂದು ಗಂಟೆಯಲ್ಲೇ ಅವರು ಒಮ್ಮೆ ಬಿದ್ದರು. ಮೆಟ್ಟಿಲು ಕಾಣದೆ ಬಿದ್ದು ಮುಂಗೈ ಮುರಿಯಿತು. ಕಣ್ಣಿನ ಹಿಂದಿನ ಪರದೆ ಒಣಗುತ್ತ ಬಂದಿದೆ, ಮಬ್ಬುಗತ್ತಲಲ್ಲಿ ಕಾಣುವುದಿಲ್ಲ, ಮುಂದೆ ಹಗಲೂ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದರು. ಸಾಹುಕಾರರು ಮರುದಿನವೇ ಹಿತ್ತಲ ಬಾಗಿಲಿಗೆ ಬೀಗ ತಂದರು. ಸಂಜೆ ಬೆಳಕಿರುವಾಗಲೇ ಅಕ್ಕ ಪತ್ರೆ ಗಿಡದ ಕಟ್ಟೆಗೆ ದೀಪ ಹಚ್ಚಿ ಒಳಗೆ ಬರಬೇಕು; ಬಂದ ಕೂಡಲೇ ಬೀಗ. ಚಾವಿ ಸಾಹುಕಾರರ ಜೇಬಿನಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ಪ್ಲಾಸ್ಟರ್ ಹಾಕಿದ ಕೈಯನ್ನು ನನ್ನ ಮೇಜಿನ ಮೇಲೆ ಇಟ್ಟರು, ಮಾರಾಟದ ಸಾಮಾನು ಇಟ್ಟ ಹಾಗೆ.

"ನೀನು ಕಾಲೇಜಿನಾಗೆ ಕರೆಂಟಿನ ಪಾಠ ಹೇಳ್ತೀಯಂತೆ?"

"ಹೇಳ್ತೀನಿ ನರ್ಸಮ್ಮ."

"ಬರೀ ಹೇಳ್ತೀಯೋ, ಮಾಡಾಕೂ ಬರ್ತದೋ?"

ಈ ಪ್ರಶ್ನೆಯನ್ನು ಹೆಂಡತಿ ಕೇಳಿದ್ದಾಳೆ, ವಿದ್ಯಾರ್ಥಿಗಳು ಕೇಳಿದ್ದಾರೆ, ಒಮ್ಮೆ ಪ್ರಿನ್ಸಿಪಾಲರೂ ಕೇಳಿದ್ದಾರೆ. ಯಾರು ಕೇಳಿದಾಗಲೂ ನನಗೆ ಸಿಟ್ಟು ಬರುತ್ತದೆ. ಮಾಡಿ ತೋರಿಸುತ್ತೇನೆ ಎಂದುಬಿಟ್ಟೆ. ಅವರಿಗೆ ಬೇಕಾಗಿದ್ದು ಒಂದೇ: ಸಂಜೆ ಹೊತ್ತು ಯಾರ ಕೈಯನ್ನೂ ಹಿಡಿಯದೆ ಮಲ್ಲಿಗೆ ಚಪ್ಪರದವರೆಗೆ ಹೋಗಿ ಬರಬೇಕು. "ಜಟಿಂಗ ರಾಮೇಶ್ವರನ ಗುಡ್ಡ ಹತ್ತಿ ಇಳಿದೋಳಿಗೆ ನಮ್ಮ ಹಿತ್ತಲ ಮೂರು ಮೆಟ್ಟಿಲು ದೊಡ್ಡದಾ? ಆ ಬೀಗ ನಂಗೆ ಬೇಕು ಕಣಪ್ಪ." ಸಾಹುಕಾರರೂ ಬಾಯಿಬಿಟ್ಟು ಷರತ್ತು ಹೇಳಿದ್ದರು. ಅಕ್ಕ ಒಂದು ಸಂಜೆ ತಮ್ಮ ಕಣ್ಣ ಮುಂದೆ ಒಬ್ಬರೇ ಹೋಗಿ ಬಂದರೆ ಬೀಗ ಅವತ್ತೇ ತೆಗೆಯುತ್ತಾರೆ. ತಪ್ಪಿದರೆ ಹಿತ್ತಲಿಗೆ ಸಿಮೆಂಟು ಹಾಕಿಸಿ ಎಣ್ಣೆ ಡ್ರಮ್ಮು ಇಡುತ್ತಾರೆ.

ನನಗೆ ನಿದ್ದೆ ಬರಲಿಲ್ಲ, ಅಷ್ಟು ಹುರುಪು. ಮೊಬೈಲಿನಿಂದ ಆಡಿಸುವ ದೊಡ್ಡ ದೀಪಗಳೆರಡನ್ನು ಆನ್‌ಲೈನಿನಲ್ಲಿ ತರಿಸಿ, ತಾರಸಿಯ ಅಂಚಿಗೆ ಕಟ್ಟಿ, ಬಾಯಲ್ಲಿ ಹೇಳಿದರೆ ಹತ್ತುವ ಹಾಗೆ ಮಾಡಿದೆ. ನರ್ಸಮ್ಮನಿಗೆ ಫೋನು ಕೊಟ್ಟು, ದೀಪ ಹಚ್ಚು ಅಂತ ಹೇಳಿ ನೋಡಿ ಎಂದೆ. ಅವರು ಹೇಳಲಿಲ್ಲ.

"ಕೇಳಿ ಹಚ್ಚಿಸ್ಕಣಾದಾದ್ರೆ ನನ್ನ ತಮ್ಮನ್ನೇ ಕೇಳ್ತಿದ್ನಲ್ಲಪ್ಪ. ಈ ಡಬ್ಬಿಯನ್ನ ಯಾಕೆ ಕೇಳ್ಲಿ?"

ಕೊನೆಗೆ ನಾನೇ ಹಚ್ಚಿದೆ. ಹಿತ್ತಲು ಬಸ್‌ಸ್ಟ್ಯಾಂಡಿನಂತೆ ಝಗಮಗಿಸಿತು. ಪಕ್ಕದ ಮನೆಯವರು ಮಹಡಿಗೆ ಬಂದು ನೋಡಿದರು. ನಾನು ಎದೆಯುಬ್ಬಿಸಿ ನಿಂತಿದ್ದೆ. ನರ್ಸಮ್ಮ ಮಾತ್ರ ಮೊದಲ ಮೆಟ್ಟಿಲಲ್ಲೇ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ಬೆಳಕು ಕಣ್ಣಿಗೆ ಹೊಡೆದು ಅವರಿಗೆ ಇದ್ದ ಮೆಟ್ಟಿಲೂ ಕಾಣದಾಗಿತ್ತು. "ನಿಮ್ಮ ಅಜ್ಜಿ ಹಿಂಗೇ ಮಾಡಿದ್ಲು," ಎಂದರು. "ಮುಖಕ್ಕೆ ಬಿಡ್ತೀಯಲ್ಲೋ. ನಾನು ನಡೆಯಾದು ಮುಖದಾಗಾ? ಕಾಲಿಗೆ ಹಿಡಿ." ನಾನು ಎಂ.ಎಸ್ಸಿ. ಓದಿದವನು. ಅಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ.

ಮರುದಿನ ಟೇಪು ಹಿಡಿದು ದಾರಿ ಅಳೆಯಲು ಹೋದೆ. ಅವರು ಟೇಪು ಬೇಡವೆಂದು ತಾವೇ ನಡೆದು ತೋರಿಸಿದರು. ಬಾಗಿಲಿಂದ ಚಪ್ಪರಕ್ಕೆ ಅವರ ನಲವತ್ತೆರಡು ಹೆಜ್ಜೆ. ಆರು ಹೆಜ್ಜೆಗೆ ಒಂದರಂತೆ ಏಳು ದೀಪ, ಮೊಣಕಾಲಿಗಿಂತ ಕೆಳಗೆ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ. ಒಂದೊಂದಕ್ಕೂ ಮೈಯ ಚಲನೆ ಹಿಡಿಯುವ ಸೆನ್ಸರ್. ಯಾರಾದರೂ ಹತ್ತಿರ ಬಂದರೆ ಹತ್ತಬೇಕು, ದಾಟಿ ಹೋದ ಸ್ವಲ್ಪ ಹೊತ್ತಿಗೆ ತಾನೇ ಆರಬೇಕು. ಕರೆಂಟ್ ಹೋದರೂ ನಿಲ್ಲದಂತೆ ಒಂದು ಬ್ಯಾಟರಿ. ನಾನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಾಗ ಅವರು ಕಟ್ಟೆಯ ಮೇಲೆ ಕೂತು, ಯಾರಿಗೂ ಹೇಳಬೇಡವೆಂದು ಮಾತು ತೆಗೆದುಕೊಂಡು, ಒಂದು ಸಂಗತಿ ಹೇಳಿದರು.

"ನಂಗೆ ಕತ್ತಲಾದ ಮ್ಯಾಲೆ ಎಂದೂ ಸರಿಯಾಗಿ ಕಂಡಿಲ್ಲ ಕಣಪ್ಪ. ವಯಸ್ಸಿನಾಗೂ ಅಷ್ಟೇ."

ನನ್ನ ಕೈಯಿಂದ ಪೆನ್ನು ಬಿತ್ತು. "ಮತ್ತೆ ಹಳ್ಳಿ ಹಳ್ಳಿಗೆ ಹೆಂಗೆ ಹೋಗ್ತಿದ್ರಿ?"

"ಕರೆಯಾಕೆ ಬಂದೋನಿಗೆ ಟಾರ್ಚು ಕೊಟ್ಟು ಮುಂದೆ ಬಿಡ್ತಿದ್ದೆ. ಬೆಳಕು ನಿನ್ನ ಕಾಲಿಗೆ ಬಿಟ್ಕಂಡು ನಡಿ ಅಂತಿದ್ದೆ. ನಾನು ಅವನ ಹಿಮ್ಮಡಿ ನೋಡ್ಕಂಡು ನಡೀತಿದ್ದೆ. ಎಲ್ಲರೂ ನರ್ಸಮ್ಮಂದು ಭಾಳ ಶಿಸ್ತು ಅಂದ್ಕಂಡ್ರು. ಹೇಳಿದ್ರೆ ಕೆಲ್ಸ ಹೋಗ್ತಿತ್ತು."

"ಹಂಗಾದ್ರೆ ನನ್ನನ್ನ?"

"ನಿನ್ನನ್ನ ಕೈಯಾಗೇ ನೋಡ್ದೆ," ಎಂದು ನಕ್ಕರು. "ತಲೆ ದೊಡ್ಡದಿತ್ತು."

ಆ ದಿನದಿಂದ ಈ ಕೆಲಸ ನನಗೆ ಬರೀ ಹುರುಪಿನದಾಗಿ ಉಳಿಯಲಿಲ್ಲ. ಎಷ್ಟೋ ಮಕ್ಕಳನ್ನು ಬೆಳಕಿಗೆ ತಂದವರು ಎಂದು ಭಾಷಣದಲ್ಲಿ ಹೇಳುವುದನ್ನು ಕೇಳಿದ್ದೇನೆ. ಈ ಹೆಂಗಸು ತಾನೇ ಕತ್ತಲಲ್ಲಿ ನಿಂತು ಅದನ್ನು ಮಾಡಿದ್ದರು. ಅವರಿಗೆ ಒಂದು ದಾರಿಯನ್ನು ಬೆಳಗಿಸಿ ಕೊಡಲಾಗದಿದ್ದರೆ ನಾನು ಓದಿದ ಓದಿಗೆ ಬೆಂಕಿ ಬೀಳಲಿ ಎಂದುಕೊಂಡೆ.

ಮೂರು ಭಾನುವಾರ ಹಿಡಿಯಿತು. ಗುಂಡಿ ತೋಡಿದೆ, ಪೈಪಿನೊಳಗೆ ವೈರು ಎಳೆದೆ, ಬಾಗಿಲ ಪಕ್ಕ ಸಣ್ಣ ಪೆಟ್ಟಿಗೆಯೊಳಗೆ ಎಲ್ಲವನ್ನೂ ಆಡಿಸುವ ಬೋರ್ಡು ಕೂರಿಸಿದೆ. ನರ್ಸಮ್ಮ ಪಕ್ಕದಲ್ಲಿ ಕೂತು, ಹೆರಿಗೆ ಮನೆಯಲ್ಲಿ ಬಿಸಿನೀರು ಬಟ್ಟೆ ಜೋಡಿಸಿಟ್ಟಂತೆ ಇಕ್ಕಳ, ಟೇಪು, ಸ್ಕ್ರೂಗಳನ್ನು ಸಾಲಾಗಿ ಇಟ್ಟುಕೊಂಡು, ನಾನು ಕೈ ಚಾಚುವ ಮೊದಲೇ ಬೇಕಾದದ್ದನ್ನು ಕೊಡುತ್ತಿದ್ದರು. ಹಗಲೋ ಇರುಳೋ ಎಂದು ತಿಳಿಯಲು ಈ ಏರ್ಪಾಡಿಗೆ ಒಂದು ಕಣ್ಣು ಬೇಕು. ಬಟನ್ನಿನಷ್ಟು ದೊಡ್ಡ ಆ ಕಣ್ಣನ್ನು ಎಲ್ಲಿ ಇಡುವುದು ಎಂದು ಯೋಚಿಸಿ, ಆಕಾಶ ಚೆನ್ನಾಗಿ ಕಾಣುತ್ತದೆ, ಶುಭವೂ ಹೌದು ಎಂದು ಪತ್ರೆ ಗಿಡದ ಕಟ್ಟೆಯ ಮೇಲೆ ಅಂಟಿಸಿದೆ. ಕತ್ತಲಾಯಿತೆಂದು ಅದಕ್ಕೆ ಅನಿಸಲಿ ಎಂದು ಮೇಲೊಂದು ಬಟ್ಟೆ ಮುಚ್ಚಿ ನಡೆದು ನೋಡಿದೆ. ಏಳೂ ದೀಪ ಹತ್ತಿದವು! ನಾನು ಕುಣಿದೆ, ಸುಳ್ಳಲ್ಲ. ನರ್ಸಮ್ಮ ಚಪ್ಪಾಳೆ ಹೊಡೆದರು. ಸಂಜೆಗೆ ಸಾಹುಕಾರರನ್ನು ಕರೆದೆವು.

ಸಂಜೆ ಒಂದೂ ಹತ್ತಲಿಲ್ಲ.

ಮರುದಿನ ಹಗಲು ಮುಚ್ಚಿ ನೋಡಿದರೆ ಏಳೂ ಹತ್ತುತ್ತವೆ, ಸಂಜೆ ಒಂದೂ ಇಲ್ಲ. ಮೂರನೆಯ ದಿನವೂ ಅದೇ. ವೈರು ಬಿಚ್ಚಿ ಕಟ್ಟಿದೆ, ಬೋರ್ಡು ಬದಲಿಸಿದೆ, ಅದಕ್ಕೆ ಬರೆದ ಆಜ್ಞೆಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆದೆ. ಸಾಹುಕಾರರು ಮೆಟ್ಟಿಲ ಮೇಲೆ ನಿಂತು, "ಹಗಲು ಹತ್ತಿ ಇರುಳು ಆರೋ ದೀಪ ಚಳ್ಳಕೆರೆಯಾಗೆ ಇದೇ ಮೊದಲು ಬಿಡ್ರಿ ಮೇಷ್ಟ್ರೇ," ಎಂದು ಜೇಬಿನ ಚಾವಿ ಸದ್ದು ಮಾಡಿದರು. ಸಿಮೆಂಟಿಗೆ ಹೇಳಿ ಕಳಿಸಿದ್ದೇನೆ ಎಂದೂ ಅಂದರು. ನನಗೆ ಅವರನ್ನು ಎಣ್ಣೆ ಡ್ರಮ್ಮಿನಲ್ಲಿ ಅದ್ದಬೇಕೆನಿಸಿತು.

ಗುಟ್ಟು ಹಿಡಿದವರು ನರ್ಸಮ್ಮ. ನಾಲ್ಕನೆಯ ಸಂಜೆ ಅವರು ಕಟ್ಟೆಗೆ ದೀಪ ಹಚ್ಚಿ, ಒಳಗೆ ಹೋಗದೆ ಅಲ್ಲೇ ಬಗ್ಗಿ ನಿಂತರು. ಹಣತೆಯನ್ನೂ ಪಕ್ಕದ ನನ್ನ ಬಟನ್ನನ್ನೂ ಬೆರಳಿನಿಂದ ತಡವಿದರು. ಎರಡರ ನಡುವೆ ಒಂದು ಗೇಣು.

"ಲೋ, ಇದು ನಿನ್ನ ಕಣ್ಣಲ್ಲವಾ?"

"ಹೂಂ."

"ನಾನು ಅದರ ಮುಂದೆ ದಿನಾ ದೀಪ ಹಚ್ಚಿಕ್ಕಿ ಹೋಗ್ತೀನಿ. ಪಾಪ, ಅದಕ್ಕೆ ಇನ್ನೂ ಹಗಲು ಅಂತ್ಲೇ ಅನ್ನಿಸ್ತೈತೆ!"

ನಾನು ಹಣೆ ಬಡಿದುಕೊಂಡೆ. ದೀಪ ಹಚ್ಚುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಪೂಜೆಯ ಪಾಲಿಗೆ ಸೇರಿದ್ದು, ಬೆಳಕಿನ ಪಾಲಿಗೂ ಸೇರಿದ್ದೆಂದು ನನ್ನ ತಲೆಗೆ ಬಂದೇ ಇರಲಿಲ್ಲ. ಬೇರೆ ಊರಿನ ಎಂಜಿನಿಯರ್ ಬಂದಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದ. ದೀಪವನ್ನು ಸರಿಸಿ ಎನ್ನುವ ಧೈರ್ಯ ನನಗಿರಲಿಲ್ಲ, ಅವರಿಗೂ ಮನಸ್ಸಿರಲಿಲ್ಲ. ಕಣ್ಣನ್ನೇ ಕಿತ್ತು ಕಾಂಪೌಂಡ್ ಗೋಡೆಯ ಆ ತುದಿಯ ಮೂಲೆಗೆ ಅಂಟಿಸಿದೆ.

ಐದನೆಯ ಸಂಜೆ ಸಾಹುಕಾರರು ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಮಡಿಲಲ್ಲಿ ಬೀಗ, ಚಾವಿ. ಕತ್ತಲು ಇಳಿಯಿತು. ನರ್ಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೂರು ಮೆಟ್ಟಿಲು ಇಳಿದರು. ಮೊದಲ ದೀಪ ಫಕ್ಕನೆ ಹತ್ತಿತು. ಆರು ಹೆಜ್ಜೆ, ಎರಡನೆಯದು. ಅವರ ಕಾಲ ಬೆರಳು, ಕಾಲುಂಗುರವಿಲ್ಲದ ಬೆರಳು, ಒಂದೊಂದೂ ಕಾಣುತ್ತಿತ್ತು. ನಾನು ಒಳಗೊಳಗೇ ಹೆಜ್ಜೆ ಎಣಿಸುತ್ತಿದ್ದೆ. ಮತ್ತೆ ಆರು ಹೆಜ್ಜೆ. ಮೂರನೆಯದು ಹತ್ತಲಿಲ್ಲ.

ಅವರು ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತರು. ನಿಂತ ಮೈಯನ್ನು ಆ ಸೆನ್ಸರ್ ಹಿಡಿಯುವುದಿಲ್ಲ, ಅಲುಗಬೇಕು. ಅಲುಗಿ ಎಂದು ಕೂಗಲು ಬಾಯಿ ತೆರೆದೆ. ಹಿಂದಿನ ದೀಪ ಇನ್ನೇನು ಆರುತ್ತದೆ. "ಅಕ್ಕಾ!" ಎಂದು ಸಾಹುಕಾರರು ಎದ್ದರು. ಬೀಗ ನೆಲಕ್ಕೆ ಬಿತ್ತು.

"ಕುಂತ್ಕಳೋ, ಯಾರೂ ಬರಬ್ಯಾಡ್ರಿ," ಎಂದರು ನರ್ಸಮ್ಮ. ಆಮೇಲೆ ಕತ್ತಲಲ್ಲಿದ್ದ ಮೂರನೆಯ ದೀಪದ ಕಡೆ ಬಗ್ಗಿ, ಮೆತ್ತಗೆ ಕರೆದರು. "ಬಾರಪ್ಪಾ ಬಾ." ಬರಲಿಲ್ಲ. ಸೊಂಟದ ಸೆರಗು ಬಿಚ್ಚಿ ಅದರ ಮುಂದೆ ಬೀಸಿದರು. "ರಾ ನಾಯನಾ, ರಾ."

ಹತ್ತಿತು!

"ಓ, ಇದು ತೆಲುಗು ಮನೇದು!" ಎಂದು ಅವರು ನಕ್ಕ ನಗು ಬೀದಿಗೆ ಕೇಳಿಸಿರಬೇಕು. ನಾಲ್ಕು, ಐದು, ಆರು, ಏಳು. ಮಲ್ಲಿಗೆ ಚಪ್ಪರದ ಕಂಬ ಹಿಡಿದು ತಿರುಗಿ ನಿಂತರು. ಬೊಗಸೆ ತುಂಬ ಮೊಗ್ಗು ಬಿಡಿಸಿಕೊಂಡು, ಅದೇ ದಾರಿಯಲ್ಲಿ, ಯಾರ ಕೈಯನ್ನೂ ಹಿಡಿಯದೆ ಬಂದರು. ನಾನು ಅಳುತ್ತಿದ್ದೆ. ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿದ್ದರಿಂದ ಯಾರಿಗೂ ಕಾಣಲಿಲ್ಲ. ಸಾಹುಕಾರರು ಬೀಗವನ್ನು ಹೆಕ್ಕಿ ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ನನ್ನ ಕೈಗೆ ಕೊಟ್ಟು, "ನಿನ್ನ ಸೈಕಲ್ಲಿಗೆ ಹಾಕ್ಕ," ಎಂದರು.

ಇದೆಲ್ಲ ಆಗಿ ನಾಲ್ಕು ವರ್ಷ. ಮೂರನೆಯ ದೀಪ ಕೊನೆಯವರೆಗೂ ಸೋಮಾರಿಯಾಗಿಯೇ ಉಳಿಯಿತು. ಬದಲಿಸುತ್ತೇನೆಂದರೆ ನರ್ಸಮ್ಮ ಬಿಡಲಿಲ್ಲ. ಪ್ರತಿ ಸಂಜೆ ಅವರು ಅದನ್ನು ಎರಡು ಭಾಷೆಯಲ್ಲಿ ಕರೆಯುವುದು ನಮ್ಮ ಬೀದಿಗೆ ಅಭ್ಯಾಸವಾಗಿತ್ತು. ಸಾಹುಕಾರರು ಸಂಜೆ ಮಿಲ್ಲಿನಿಂದ ಬಂದವರೇ ಮೆಟ್ಟಿಲ ಕುರ್ಚಿಯಲ್ಲಿ ಕೂರುವುದೂ ಅಭ್ಯಾಸವಾಯಿತು. ಕೈಯಲ್ಲಿ ಚಹಾ, ಕಣ್ಣು ಹಿತ್ತಲ ಕಡೆ. ಹಿತ್ತಲಿಗೆ ಮಾತ್ರ ಇಳಿಯುತ್ತಿರಲಿಲ್ಲ.

ಡಾಕ್ಟರು ಹೇಳಿದಂತೆಯೇ ಆಯಿತು. ಹೋದ ವರ್ಷದ ಹೊತ್ತಿಗೆ ನರ್ಸಮ್ಮನಿಗೆ ಹಗಲೂ ಕಾಣುತ್ತಿರಲಿಲ್ಲ. ಆದರೂ ಸಂಜೆ ಹಿತ್ತಲು ತಪ್ಪಲಿಲ್ಲ. ನಲವತ್ತೆರಡು ಹೆಜ್ಜೆ ಅವರ ಕಾಲಿಗೆ ಬಾಯಿಪಾಠವಾಗಿತ್ತು. ಒಂದು ದಿನ ಬ್ಯಾಟರಿ ಕೆಟ್ಟಿತು, ಹೊಸದಕ್ಕೆ ಹೇಳಿ ಕಳಿಸಿದರು. ನಾನು ಮುಂದಾಲೋಚನೆ ಇಲ್ಲದವನು, ಕೇಳಿಯೇಬಿಟ್ಟೆ.

"ನರ್ಸಮ್ಮ, ನಿಮಗೆ ಈಗ ಈ ದೀಪ ಹತ್ತಿದ್ರೂ ಒಂದೇ, ಹತ್ತದಿದ್ರೂ ಒಂದೇ ಅಲ್ವಾ?"

ಅವರಿಗೆ ಬೇಸರವಾಗಲಿಲ್ಲ. ದನಿ ತಗ್ಗಿಸಿ, ಒಳಗಿದ್ದ ತಮ್ಮನಿಗೆ ಕೇಳದಂತೆ ಹೇಳಿದರು. "ನಂಗಲ್ಲ ಕಣಪ್ಪ. ದೀಪ ಹತ್ತಿದ ಕಡೆ ಅಕ್ಕ ಐದಾಳೆ ಅಂತ ಅವನಿಗೆ ಕಾಣ್ತೈತೆ. ಅದಕ್ಕೇ ಸುಮ್ನೆ ಕುಂತಿರ್ತಾನೆ. ದೀಪ ಕೆಟ್ಟರೆ ನಾಳೆನೇ ಬೀಗ ತರ್ತಾನೆ ನೋಡು."

ಅವತ್ತು ಹೊಸ ಬ್ಯಾಟರಿ ಹಾಕಿ ಬರುವಾಗ, ಬೆಳಕನ್ನು ಯಾರ ಕಡೆ ಹಿಡಿಯಬೇಕೆಂದು ಇವರಿಗೆ ಗೊತ್ತಿರುವಷ್ಟು ಲೋಕದಲ್ಲಿ ಇನ್ನಾರಿಗೂ ಗೊತ್ತಿಲ್ಲ ಅನಿಸಿತು.

ಹೋದ ತಿಂಗಳು ಅವರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮಣ್ಣಿಗೆ ಬಂದವರಲ್ಲಿ ಅವರ ಕೈಯಿಂದ ಭೂಮಿಗೆ ಬಂದವರೇ ಹೆಚ್ಚು. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ, ಸಾಹುಕಾರರು ಹಿತ್ತಲ ಸಾಮಾನೆಲ್ಲ ಬಿಚ್ಚಿಕೊಂಡು ಹೋಗಲು ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ನಿನ್ನೆ ಸಂಜೆ ಫೋನು ಬಂತು.

"ಮೇಷ್ಟ್ರೇ, ಒಂದೀಟು ಬಂದು ಹೋಗ್ರಿ."

"ಬಿಚ್ಚಬೇಕಾ ಸಾವ್ಕಾರ್ರೇ?"

"ಬಿಚ್ಚಾದು ಯಾಕೆ?" ಎಂದರು. ಫೋನಿನೊಳಗೆ ಹಿತ್ತಲು ಕೇಳಿಸಿತು. ಗಾಳಿಯ ಸದ್ದು, ಕೆಸರಿನಿಂದ ಚಪ್ಪಲಿ ಕಿತ್ತ ಸದ್ದು. "ಮೂರನೇದು ಹತ್ತವಲ್ದು. ಟವಲ್ ಬೀಸ್ದೆ. ಎರಡೂ ಭಾಷೆಯಾಗೆ ಕರೆದೆ. ಹತ್ತವಲ್ದು."